ಗದ್ದ ಚಿಕ್ಕದೋ, ದವಡೆ ಹಿಂದೋ: ಗದ್ದ ತಿದ್ದುವ ಶಸ್ತ್ರಚಿಕಿತ್ಸೆಯ ವಿಧಾನಗಳು ಮತ್ತು ಅಪಾಯಗಳು

(ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಈ ಸಭೆಯಲ್ಲಿ ಕಾಲೇಜು ವಿದ್ಯಾರ್ಥಿಗಳು, ಅವರ ತಂದೆತಾಯಂದಿರು ಹಾಗೂ ಕೆಲವು ಯುವ ದಂತವೈದ್ಯರು ಇದ್ದೀರಿ. ಆದ್ದರಿಂದ ಶಸ್ತ್ರಚಿಕಿತ್ಸೆಯನ್ನು ಹೇಗೆ ಮಾಡುತ್ತಾರೆ ಎಂಬುದನ್ನು ಮಾತ್ರವಲ್ಲದೆ, ಯಾರಿಗೆ ಮಾಡಬೇಕು, ಯಾರಿಗೆ ಮಾಡಬಾರದು, ಮಾಡಿದ ಮೇಲೆ ಏನೇನು ಕೆಡಬಹುದು ಎಂಬುದನ್ನೂ ಮುಚ್ಚುಮರೆಯಿಲ್ಲದೆ ಹೇಳುತ್ತೇನೆ.

‘ನನ್ನ ಗದ್ದ ಒಳಗೆ ಹೋಗಿದೆ, ಅದನ್ನು ಸ್ವಲ್ಪ ಮುಂದೆ ತನ್ನಿ’ ಎಂದು ಕೇಳಿಕೊಂಡು ಬರುವವರ ಮುಖದಲ್ಲಿ ನಿಜವಾಗಿ ಒಳಗೆ ಹೋಗಿರುವುದು ಯಾವುದು ಎಂಬುದನ್ನು ಕನ್ನಡಿ ಹೇಳುವುದಿಲ್ಲ. ಮೊಬೈಲ್ ಫೋನಂತೂ ದಾರಿ ತಪ್ಪಿಸುತ್ತದೆ. ಕೈಯಳತೆಯ ದೂರದಿಂದ ತೆಗೆದ ಸೆಲ್ಫಿಯಲ್ಲಿ ಕ್ಯಾಮೆರಾಕ್ಕೆ ಹತ್ತಿರವಿರುವ ಮೂಗು ಇರುವುದಕ್ಕಿಂತ ದೊಡ್ಡದಾಗಿಯೂ ಅದರ ಹಿಂದಿರುವ ಗದ್ದ ಇರುವುದಕ್ಕಿಂತ ಚಿಕ್ಕದಾಗಿಯೂ ಕಾಣುತ್ತವೆ. ಇದನ್ನು ಬದಿಗಿಟ್ಟು ನೋಡಿದರೂ, ಪಕ್ಕದಿಂದ ಗದ್ದ ಹಿಂದೆ ಇರುವಂತೆ ತೋರಲು ಹಲವು ಕಾರಣಗಳಿವೆ. ಕೆಳದವಡೆ ಸರಿಯಾದ ಜಾಗದಲ್ಲಿದ್ದು ಗದ್ದದ ಮೂಳೆಯಷ್ಟೇ ಚಿಕ್ಕದಾಗಿರಬಹುದು. ಕೆಳದವಡೆ ಇಡಿಯಾಗಿ ಹಿಂದೆ ಉಳಿದಿರಬಹುದು. ಮೇಲ್ದವಡೆ ಉದ್ದವಾಗಿ ಬೆಳೆದು ಕೆಳದವಡೆಯನ್ನು ಕೆಳಕ್ಕೂ ಹಿಂದಕ್ಕೂ ತಿರುಗಿಸಿರಬಹುದು. ಅಥವಾ ಮೂಗು ದೊಡ್ಡದಾಗಿದ್ದು ಗದ್ದದಲ್ಲಿ ಯಾವ ಕೊರತೆಯೂ ಇಲ್ಲದಿರಬಹುದು. ನೋಡುವ ಕಣ್ಣಿಗೆ ಎಲ್ಲವೂ ಒಂದೇ, ಆದರೆ ಚಿಕಿತ್ಸೆ ಒಂದೇ ಅಲ್ಲ.

ಇದನ್ನು ಬೇರ್ಪಡಿಸಲು ವೈದ್ಯರು ಮೊದಲು ನೋಡಬೇಕಾದದ್ದು ಗದ್ದವನ್ನಲ್ಲ, ಹಲ್ಲುಗಳನ್ನು. ಬಾಯಿ ಮುಚ್ಚಿ ಸಹಜವಾಗಿ ಕಚ್ಚಿದಾಗ ಮೇಲಿನ ಬಾಚಿಹಲ್ಲುಗಳು ಕೆಳಗಿನವುಗಳಿಗಿಂತ ಸುಮಾರು 2ರಿಂದ 3 ಮಿಲಿಮೀಟರ್ ಮುಂದಿರುವುದು ಸಹಜ. ಈ ಅಂತರ 8 ಅಥವಾ 10 ಮಿಲಿಮೀಟರ್ ಇದ್ದು, ದವಡೆ ಹಲ್ಲುಗಳೂ ಅದೇ ಪ್ರಮಾಣದಲ್ಲಿ ಹಿಂದೆ ಕೂಡುತ್ತಿದ್ದರೆ, ದೋಷ ಬಹುಮಟ್ಟಿಗೆ ದವಡೆಯದು. ಅಂಥವರಿಗೆ ಆರ್ಥೊಡಾಂಟಿಸ್ಟ್ ಬಳಿ ಹಲ್ಲಿಗೆ ಕ್ಲಿಪ್ ಹಾಕಿಸಿ ಸಾಲು ಸರಿಪಡಿಸಿದ ಬಳಿಕ, ಕೆಳದವಡೆಯನ್ನು ಎರಡೂ ಬದಿಯಲ್ಲಿ ಸೀಳಿ ಇಡಿಯಾಗಿ ಮುಂದಕ್ಕೆ ತರುವ ದೊಡ್ಡ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಅದನ್ನು ಬಿಟ್ಟು ಗದ್ದದ ತುದಿಯನ್ನಷ್ಟೇ ಮುಂದೆ ಎಳೆದರೆ ಹಲ್ಲುಗಳು ಇದ್ದಲ್ಲೇ ಇರುತ್ತವೆ, ಕೆಳತುಟಿ ಮಡಚಿಕೊಂಡೇ ಇರುತ್ತದೆ, ತುಟಿ ಮತ್ತು ಗದ್ದದ ನಡುವಿನ ತಗ್ಗು ಮಾತ್ರ ಇನ್ನಷ್ಟು ಆಳವಾಗಿ ವಯಸ್ಸಾದಂತೆ ತೋರುತ್ತದೆ. ಗದ್ದದ ಶಸ್ತ್ರಚಿಕಿತ್ಸೆಯಿಂದ ಅತೃಪ್ತರಾಗಿ ಮರಳಿ ಬರುವವರಲ್ಲಿ ಎಷ್ಟೋ ಜನರ ಶಸ್ತ್ರಚಿಕಿತ್ಸೆ ತಾಂತ್ರಿಕವಾಗಿ ಚೆನ್ನಾಗಿಯೇ ನಡೆದಿರುತ್ತದೆ. ತಪ್ಪಿರುವುದು ಅದಕ್ಕೂ ಮೊದಲಿನ ತೀರ್ಮಾನ. ತಲೆಯನ್ನು ನಿಗದಿತ ಭಂಗಿಯಲ್ಲಿ ಹಿಡಿದು ಪಕ್ಕದಿಂದ ತೆಗೆಯುವ ಸೆಫಲೋಗ್ರಾಂ ಎಂಬ ಎಕ್ಸ್‌ರೇ ಇಲ್ಲದೆ, ಹಲ್ಲುಗಳು ಕೂಡುವ ರೀತಿಯನ್ನು ಪರೀಕ್ಷಿಸದೆ, ಬರಿಯ ಫೋಟೊ ನೋಡಿ ಶಸ್ತ್ರಚಿಕಿತ್ಸೆಗೆ ದಿನ ಗೊತ್ತುಮಾಡುವವರ ಬಳಿಗೆ ದಯವಿಟ್ಟು ಹೋಗಬೇಡಿ.

ಇನ್ನು ವಿಧಾನಕ್ಕೆ ಬರೋಣ. ಗದ್ದದ ಮೂಳೆಯನ್ನು ಅಡ್ಡಲಾಗಿ ಕತ್ತರಿಸಿ ಸರಿಸಬಹುದು ಎಂಬುದನ್ನು 1942ರಲ್ಲಿ ಒಟ್ಟೊ ಹೋಫರ್ ವಿವರಿಸಿದರು. ಅವರ ವಿಧಾನದಲ್ಲಿ ಚರ್ಮವನ್ನು ಹೊರಗಿನಿಂದ ಕತ್ತರಿಸಬೇಕಿತ್ತು. 1957ರಲ್ಲಿ ಟ್ರೌನರ್ ಮತ್ತು ಒಬ್ವೆಗೇಸರ್ ಇದನ್ನೇ ಬಾಯಿಯ ಒಳಗಿನಿಂದ ಮಾಡುವ ದಾರಿಯನ್ನು ತೋರಿಸಿದರು. ಮುಖದ ಮೇಲೆ ಗಾಯದ ಗುರುತೇ ಉಳಿಯದ ಈ ದಾರಿ ಇಂದಿಗೂ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಸ್ಲೈಡಿಂಗ್ ಜಿನಿಯೋಪ್ಲಾಸ್ಟಿ ಎಂಬುದು ಇದರ ಹೆಸರು. ಮೇಜಿನ ಡ್ರಾಯರನ್ನು ಹೊರಗೆಳೆಯುವಂತೆ, ಕೆಳಗಿನ ಮೂಳೆತುಂಡು ಮೇಲಿನದರ ಅಡಿಯಲ್ಲಿ ಮುಂದಕ್ಕೆ ಜಾರುತ್ತದೆ.

ರೋಗಿಗೆ ಪೂರ್ಣ ಅರಿವಳಿಕೆ ಕೊಟ್ಟು, ಉಸಿರಾಟದ ನಳಿಗೆಯನ್ನು ಸಾಮಾನ್ಯವಾಗಿ ಮೂಗಿನ ಮೂಲಕ ಇಳಿಸುತ್ತಾರೆ. ರಕ್ತಸ್ರಾವ ಕಡಿಮೆಯಾಗಲೆಂದು ಅಡ್ರಿನಲಿನ್ ಬೆರೆಸಿದ ಔಷಧವನ್ನು ಕೆಳತುಟಿಯ ಒಳಭಾಗಕ್ಕೆ ಚುಚ್ಚಿ, ಒಂದು ಕೋರೆಹಲ್ಲಿನಿಂದ ಇನ್ನೊಂದು ಕೋರೆಹಲ್ಲಿನವರೆಗೆ ತುಟಿಯ ಒಳಪೊರೆಯನ್ನು ಕತ್ತರಿಸುತ್ತಾರೆ. ಈ ಗೆರೆ ವಸಡಿಗೆ ಅಂಟಿಕೊಂಡಿರಬಾರದು. ತುಸು ತುಟಿಯ ಕಡೆಗೆ ಇದ್ದು, ಮೂಳೆಯ ಕಡೆಗೆ ಒಂದಿಷ್ಟು ಸ್ನಾಯುವನ್ನು ಉಳಿಸಬೇಕು. ಏಕೆಂಬುದನ್ನು ಮುಂದೆ ಹೇಳುತ್ತೇನೆ. ಅನಂತರ ಮೂಳೆಯನ್ನು ತೆರೆದು, ಎರಡೂ ಬದಿಯಲ್ಲಿ ಹೊರಬರುವ ನರಗಳನ್ನು ಕಣ್ಣಾರೆ ಗುರುತಿಸಿ, ಮೂಳೆಯ ಮೇಲೆ ನಡುಗೆರೆಯನ್ನೂ ಅದರ ಅಕ್ಕಪಕ್ಕ ಇನ್ನೆರಡು ಗೆರೆಗಳನ್ನೂ ಬರ್ ಎಂಬ ಸಣ್ಣ ಕೊರೆಯುವ ಮೊನೆಯಿಂದ ಕೊರೆದಿಡುತ್ತಾರೆ. ನೋಡುವುದಕ್ಕೆ ಅಲ್ಪ ಕೆಲಸ, ಆದರೆ ಈ ಮೂರು ಗೆರೆಗಳಿಲ್ಲದಿದ್ದರೆ ಕತ್ತರಿಸಿದ ತುಂಡು ಒಂದೆರಡು ಮಿಲಿಮೀಟರ್ ಪಕ್ಕಕ್ಕೆ ಸರಿದುಬಿಟ್ಟದ್ದು ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಗೊತ್ತಾಗುವುದಿಲ್ಲ. ಬಾವು ಇಳಿದ ಮೇಲೆ ಮನೆಯವರೆಲ್ಲರಿಗೂ ಗೊತ್ತಾಗುತ್ತದೆ.

ಗರಗಸ ಎಲ್ಲಿ ಸಾಗಬೇಕು ಎಂಬುದಕ್ಕೆ ಅಳತೆಯಿದೆ. ಕೆಳಗಿನ ಹಲ್ಲುಗಳಲ್ಲಿ ಕೋರೆಹಲ್ಲಿನ ಬೇರು ಅತ್ಯಂತ ಉದ್ದ. ಆ ಬೇರಿನ ತುದಿಯಿಂದ ಕನಿಷ್ಠ 5 ಮಿಲಿಮೀಟರ್ ಕೆಳಗೆ ಕತ್ತರಿಸಬೇಕು, ಇಲ್ಲವಾದರೆ ಹಲ್ಲಿಗೆ ರಕ್ತ ಒದಗಿಸುವ ದಾರಿ ಕಡಿದು ಹಲ್ಲು ನಿರ್ಜೀವವಾಗಬಹುದು. ಬದಿಗಳಲ್ಲಿ ನರ ಹೊರಬರುವ ರಂಧ್ರದಿಂದಲೂ 5ರಿಂದ 6 ಮಿಲಿಮೀಟರ್ ಕೆಳಗಿರಬೇಕು, ಏಕೆಂದರೆ ನರವು ಮೂಳೆಯೊಳಗೆ ರಂಧ್ರದ ಮಟ್ಟಕ್ಕಿಂತ ಕೆಳಕ್ಕಿಳಿದು, ಕೆಲವರಲ್ಲಿ ಮುಂದಕ್ಕೂ ಬಳಸಿ, ಬಳಿಕ ಮೇಲೇರಿ ಹೊರಬರುತ್ತದೆ. ಹೊರಗೆ ನರವನ್ನು ಎಷ್ಟು ಜೋಪಾನವಾಗಿ ಕಾಪಾಡಿದರೂ, ಕಣ್ಣಿಗೆ ಕಾಣದ ಈ ಬಳಸು ದಾರಿಯಲ್ಲಿ ಗರಗಸ ಹಾದರೆ ನರ ಒಳಗೇ ತುಂಡಾಗುತ್ತದೆ. ಮೂರು ಆಯಾಮದ ಸಿ.ಟಿ. ಸ್ಕ್ಯಾನ್‌ನಲ್ಲಿ ನರದ ದಾರಿ ಮುಂಚೆಯೇ ಕಾಣಿಸುತ್ತದೆ. ಅದನ್ನು ಆಧರಿಸಿ ಕಂಪ್ಯೂಟರಿನಲ್ಲಿ ಯೋಜನೆ ರೂಪಿಸಿ, ಗರಗಸಕ್ಕೆ ದಾರಿ ತೋರುವ ಅಚ್ಚನ್ನು ಮುದ್ರಿಸಿಕೊಳ್ಳುವುದೂ ಈಗ ಸಾಧ್ಯ. ಮೃದು ಅಂಗಾಂಶಕ್ಕೆ ಪೆಟ್ಟು ಕಡಿಮೆ ಮಾಡಿ ಮೂಳೆಯನ್ನಷ್ಟೇ ಕತ್ತರಿಸುವ ಪೀಜೊ ಉಪಕರಣವೂ ಇದೆ. ಇವೆಲ್ಲ ಒಳ್ಳೆಯ ಸಹಾಯಕಗಳು. ಆದರೆ ತಿಳಿದ ಕೈ ಇಲ್ಲದಿರುವಲ್ಲಿ ಯಾವ ಅಚ್ಚೂ ರಕ್ಷಣೆಯಲ್ಲ.

ಕತ್ತರಿಸುವ ಓರೆಯೂ ಫಲಿತಾಂಶವನ್ನು ನಿರ್ಧರಿಸುತ್ತದೆ. ಗೆರೆ ಮುಂದಕ್ಕೆ ಹೋದಂತೆ ಮೇಲೇರುವಂತಿದ್ದರೆ, ಮುಂದೆ ಜಾರಿದ ಗದ್ದ ಮೇಲಕ್ಕೂ ಹೋಗಿ ಮುಖದ ಉದ್ದ ತುಸು ಕಡಿಮೆಯಾಗುತ್ತದೆ. ಮಟ್ಟಸವಾಗಿದ್ದರೆ ಉದ್ದ ಹಾಗೆಯೇ ಉಳಿಯುತ್ತದೆ. ಗದ್ದ ತೀರ ಉದ್ದವಿದ್ದರೆ ನಡುವಿನ ಒಂದು ಪಟ್ಟಿಯನ್ನು ತೆಗೆದುಹಾಕುತ್ತಾರೆ, ಗಿಡ್ಡವಿದ್ದರೆ ಮೂಳೆಯ ಕಸಿಯನ್ನು ನಡುವೆ ಇಡುತ್ತಾರೆ, ಸೊಟ್ಟಗಿದ್ದರೆ ಪಕ್ಕಕ್ಕೆ ಸರಿಸುತ್ತಾರೆ. ಹಿಂದೆ ಉಕ್ಕಿನ ತಂತಿಯಿಂದ ಬಿಗಿಯುತ್ತಿದ್ದ ತುಂಡನ್ನು ಈಗ ಟೈಟೇನಿಯಂ ಪ್ಲೇಟು ಮತ್ತು ಸ್ಕ್ರೂಗಳಿಂದ ನಿಲ್ಲಿಸುತ್ತಾರೆ. ಮೂಳೆ ಮುಂದೆ ಬಂದಷ್ಟೇ ಚರ್ಮ ಮುಂದೆ ಬರುವುದಿಲ್ಲವಾದರೂ ಬಹುಪಾಲು ಬರುತ್ತದೆ. ಹಿಂದಕ್ಕೆ ಸರಿಸುವಾಗ ಮಾತ್ರ ಚರ್ಮವು ಮೂಳೆಯನ್ನು ಅರ್ಧಕ್ಕಿಂತ ಸ್ವಲ್ಪ ಹೆಚ್ಚಷ್ಟೇ ಹಿಂಬಾಲಿಸಿ, ಉಳಿದದ್ದು ಗದ್ದದ ಕೆಳಗೆ ಜೋತುಬೀಳುವ ಸಂಭವವಿದೆ. ದೊಡ್ಡ ಗದ್ದವನ್ನು ಚಿಕ್ಕದಾಗಿಸುವುದು ಚಿಕ್ಕ ಗದ್ದವನ್ನು ದೊಡ್ಡದಾಗಿಸುವುದಕ್ಕಿಂತ ಕಷ್ಟವೆಂದು ನಾವು ಹೇಳುವುದು ಇದೇ ಕಾರಣಕ್ಕೆ.

ಈಗ ಅಪಾಯಗಳು. ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ಮರಗಟ್ಟುವಿಕೆ. ಕೆಳತುಟಿ ಮತ್ತು ಗದ್ದಕ್ಕೆ ಸ್ಪರ್ಶಜ್ಞಾನ ಕೊಡುವ ನರವನ್ನು ಕತ್ತರಿಸದಿದ್ದರೂ, ಅದನ್ನು ಬದಿಗೆ ಸರಿಸಿ ಹಿಡಿದಿದ್ದಕ್ಕೇ ಮೊದಲ ಕೆಲವು ವಾರ ಹೆಚ್ಚಿನವರಲ್ಲಿ ತುಟಿ ಜೋಮು ಹಿಡಿದಂತಿರುತ್ತದೆ. ಊಟ ಮಾಡುವಾಗ ಅನ್ನದ ಅಗುಳು ತುಟಿಯ ಕೆಳಗೆ ಅಂಟಿಕೊಂಡಿದ್ದರೂ ಎದುರಿಗೆ ಕೂತವರು ಹೇಳುವ ತನಕ ತಿಳಿಯುವುದಿಲ್ಲ. ಕಾಫಿಯ ಬಿಸಿ ತುಟಿಗೆ ಗೊತ್ತಾಗದೆ ಸುಟ್ಟುಕೊಳ್ಳುತ್ತಾರೆ, ಗಡ್ಡ ಹೆರೆದುಕೊಳ್ಳುವಾಗ ಗಾಯ ಮಾಡಿಕೊಳ್ಳುತ್ತಾರೆ. ಬಹುತೇಕರಲ್ಲಿ ಇದು ತಿಂಗಳುಗಳಲ್ಲಿ ಕರಗುತ್ತದೆ. ಇರುವೆ ಹರಿದಂತೆ ಜುಮುಗುಟ್ಟುವುದು ನರ ಚೇತರಿಸಿಕೊಳ್ಳುತ್ತಿರುವ ಲಕ್ಷಣ. ಆದರೆ ಒಂದು ವರ್ಷ ಕಳೆದರೂ ಮರಳದ ಸ್ಪರ್ಶ ಮತ್ತೆ ಪೂರ್ತಿಯಾಗಿ ಮರಳುವುದು ಅಪರೂಪ. ದವಡೆಯನ್ನು ಸೀಳುವ ಶಸ್ತ್ರಚಿಕಿತ್ಸೆಯನ್ನೂ ಜೊತೆಗೆ ಮಾಡಿಸಿಕೊಂಡವರಲ್ಲಿ ಈ ಅಪಾಯ ಹೆಚ್ಚು. ಸಮ್ಮತಿ ಪತ್ರದಲ್ಲಿ ಇದು ಒಂದು ಸಾಲಿನ ಮಾತಾಗಿ ಬಂದು ಹೋಗುತ್ತದೆ. ಅದನ್ನು ರೋಗಿಗೆ ಅವನ ದಿನನಿತ್ಯದ ಮಾತಿನಲ್ಲಿ, ಊಟದ ತಟ್ಟೆಯ ಉದಾಹರಣೆ ಕೊಟ್ಟೇ ಹೇಳಬೇಕೆಂದು ಯುವ ವೈದ್ಯರಲ್ಲಿ ನನ್ನ ಬಿನ್ನಹ.

ಎರಡನೆಯದು ಸ್ನಾಯುವಿನದು. ಕೆಳತುಟಿಯನ್ನು ಮೇಲಕ್ಕೆತ್ತಿ ಹಿಡಿಯುವ ಮೆಂಟಾಲಿಸ್ ಎಂಬ ಜೋಡಿ ಸ್ನಾಯು ಗದ್ದದ ಮೂಳೆಗೆ ಅಂಟಿಕೊಂಡಿದೆ. ಮೂಳೆಯನ್ನು ತೆರೆಯಲು ಇದನ್ನು ಬಿಡಿಸಲೇಬೇಕು. ಮುಗಿದ ಮೇಲೆ ಅದೇ ಎತ್ತರದಲ್ಲಿ ಮರಳಿ ಹೊಲಿಯಲೇಬೇಕು. ಆರಂಭದಲ್ಲಿ ಮೂಳೆಯ ಕಡೆಗೆ ಒಂದಿಷ್ಟು ಸ್ನಾಯುವನ್ನು ಉಳಿಸುವುದು ಈ ಹೊಲಿಗೆಗೆ ಆಧಾರ ಬೇಕೆಂದೇ. ಸ್ನಾಯುವನ್ನು ಹೊಲಿಯದೆ ಮೇಲಿನ ಪೊರೆಯನ್ನಷ್ಟೇ ಮುಚ್ಚಿದರೆ ಗದ್ದದ ಮಾಂಸ ಕೆಳಗೆ ಜಾರಿ ಜೋತುಬೀಳುತ್ತದೆ, ಕೆಳತುಟಿ ಇಳಿದು ಕೆಳಗಿನ ಹಲ್ಲುಗಳು ಸದಾ ಕಾಣುತ್ತವೆ, ಕೆಲವರಿಗೆ ಜೊಲ್ಲು ನಿಲ್ಲುವುದಿಲ್ಲ. ಮೂಳೆ ಎಷ್ಟು ಮುಂದೆ ಬಂತೆಂದು ಎಕ್ಸ್‌ರೇಯಲ್ಲಿ ತೋರಿಸಬಹುದು. ಸ್ನಾಯುವಿನ ಹೊಲಿಗೆ ಯಾವ ಎಕ್ಸ್‌ರೇಯಲ್ಲೂ ಕಾಣುವುದಿಲ್ಲ. ಶಸ್ತ್ರವೈದ್ಯನ ನಿಷ್ಠೆ ಗೊತ್ತಾಗುವುದು ಇಲ್ಲೇ ಎಂದು ನಾನು ನಂಬಿದ್ದೇನೆ. ಇದಾದ ಮೇಲೆ ತಿದ್ದುವುದು ಮೊದಲ ಸಲ ಸರಿಯಾಗಿ ಮಾಡುವುದಕ್ಕಿಂತ ಬಹಳ ಕಷ್ಟ.

ಮೂರನೆಯದು ಅಪರೂಪ, ಆದರೆ ಪ್ರಾಣಾಂತಿಕ. ಗದ್ದದ ಮೂಳೆಯ ಒಳಬದಿಯಲ್ಲಿ, ನಾಲಿಗೆಯ ಕೆಳಗೆ, ರಕ್ತನಾಳಗಳ ಜಾಲವಿದೆ. ಗರಗಸ ಮೂಳೆಯನ್ನು ದಾಟಿ ಅಲ್ಲಿಗೆ ತಗಲಿದರೆ, ಹೊರಗೆ ಹೆಚ್ಚು ರಕ್ತ ಕಾಣದೆಯೇ ಬಾಯಿಯ ತಳದಲ್ಲಿ ಹೆಪ್ಪುಗಟ್ಟಿ, ನಾಲಿಗೆ ಮೇಲಕ್ಕೂ ಹಿಂದಕ್ಕೂ ತಳ್ಳಲ್ಪಟ್ಟು ಉಸಿರಾಟದ ದಾರಿಯೇ ಮುಚ್ಚಬಹುದು. ಮನೆಗೆ ಹೋದ ಮೇಲೆ ನಾಲಿಗೆಯ ಕೆಳಗೆ ಬಾವು ಏರುತ್ತಿದ್ದರೆ, ಧ್ವನಿ ಬದಲಾದರೆ, ಎಂಜಲು ನುಂಗಲು ಆಗದಿದ್ದರೆ, ಬೆಳಗಾಗಲೆಂದು ಕಾಯದೆ ಆ ಕ್ಷಣವೇ ಆಸ್ಪತ್ರೆಗೆ ಹೊರಡಬೇಕು. ಮತ್ತೊಂದು ಮಾತು: ಕತ್ತರಿಸಿದ ತುಂಡಿಗೆ ರಕ್ತ ಬರುವುದು ಅದರ ಕೆಳಗೂ ಹಿಂದೆಯೂ ಅಂಟಿಕೊಂಡಿರುವ ಸ್ನಾಯುಗಳಿಂದ. ಚೆನ್ನಾಗಿ ಕಾಣಲೆಂದು ಅವುಗಳನ್ನೆಲ್ಲ ಬಿಡಿಸಿಬಿಟ್ಟರೆ ಆ ಮೂಳೆ ಕ್ರಮೇಣ ಸವೆಯುತ್ತದೆ ಅಥವಾ ಸಾಯುತ್ತದೆ.

ಸೋಂಕು, ಹೊಲಿಗೆ ಬಿಡುವುದು, ಕತ್ತರಿಸಿದ ಗೆರೆಯ ಹಿಂಬದಿಯಲ್ಲಿ ಬೆರಳಿಗೆ ತಗಲುವ ತಗ್ಗು, ಇವೂ ಉಂಟು. ಬೀಡಿ ಸಿಗರೇಟು ಸೇದುವವರಲ್ಲಿ ಮತ್ತು ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದವರಲ್ಲಿ ಗಾಯ ಮಾಯುವುದು ನಿಧಾನ. ಗುಟ್ಕಾ ಮತ್ತು ಅಡಿಕೆ ಜಗಿಯುವ ಅಭ್ಯಾಸದಿಂದ ಕೆನ್ನೆಯ ಒಳಪೊರೆ ನಾರುಗಟ್ಟಿ ಬಾಯಿ ತೆರೆಯುವುದೇ ಕಡಿಮೆಯಾದವರು ನಮ್ಮಲ್ಲಿ ಬಹಳ ಮಂದಿ. ಅವರಿಗೆ ಅರಿವಳಿಕೆ ಕೊಡುವುದೂ ಬಾಯಿಯೊಳಗಿನಿಂದ ಕೆಲಸ ಮಾಡುವುದೂ ಕಷ್ಟ.

ರಕ್ತಸ್ರಾವದ ಮಾತು ಬಂದಾಗ ದಕ್ಷಿಣ ಕೊರಿಯಾದ ಒಂದು ಪ್ರಸಂಗವನ್ನು ಹೇಳದೆ ಇರಲಾರೆ. ಅಲ್ಲಿ ದವಡೆಯ ಕೋನಗಳನ್ನು ಕೆತ್ತಿ, ಗದ್ದವನ್ನು ನಡುವೆ ಕತ್ತರಿಸಿ ಕಿರಿದಾಗಿಸಿ, ಮುಖವನ್ನು ಇಂಗ್ಲಿಷಿನ ವಿ ಅಕ್ಷರದ ಆಕಾರಕ್ಕೆ ತರುವ ಶಸ್ತ್ರಚಿಕಿತ್ಸೆ ಬಹಳ ಜನಪ್ರಿಯ. 2016ರಲ್ಲಿ ಸೋಲ್ ನಗರದಲ್ಲಿ ಒಬ್ಬ ಕಾಲೇಜು ವಿದ್ಯಾರ್ಥಿ ದವಡೆಯ ಇಂಥ ಶಸ್ತ್ರಚಿಕಿತ್ಸೆಗೆ ಒಳಗಾಗಿ, ವಿಪರೀತ ರಕ್ತಸ್ರಾವದಿಂದ ಪ್ರಜ್ಞೆ ಕಳೆದುಕೊಂಡು ಕೆಲವು ವಾರಗಳ ಬಳಿಕ ತೀರಿಕೊಂಡ. ಶಸ್ತ್ರಚಿಕಿತ್ಸಾ ಕೊಠಡಿಯ ಕ್ಯಾಮೆರಾ ದೃಶ್ಯಗಳನ್ನು ಅವನ ತಾಯಿ ಪಡೆದುಕೊಂಡು ಮತ್ತೆ ಮತ್ತೆ ನೋಡಿದರು. ಪೂರ್ತಿ ತಾನೇ ಮಾಡುತ್ತೇನೆಂದಿದ್ದ ವೈದ್ಯ ಏಕಕಾಲಕ್ಕೆ ಬೇರೆ ರೋಗಿಗಳನ್ನೂ ನೋಡುತ್ತ ನಡುವೆ ಹೊರಟುಹೋಗಿದ್ದ. ಅನುಭವವಿಲ್ಲದ ಮತ್ತೊಬ್ಬ ವೈದ್ಯನ ಕೈಗೆ ಕೆಲಸ ಹೋಗಿತ್ತು. ನೆಲಕ್ಕೆ ಸುರಿದ ರಕ್ತವನ್ನು ಸಹಾಯಕಿ ಒರೆಸುತ್ತಿದ್ದಳು. ಆ ತಾಯಿ ವರ್ಷಗಟ್ಟಲೆ ಹೋರಾಡಿದರು. ವೈದ್ಯನಿಗೆ ಸೆರೆವಾಸವಾಯಿತು. ರೋಗಿಗೆ ಪೂರ್ಣ ಅರಿವಳಿಕೆ ಕೊಡುವ ಶಸ್ತ್ರಚಿಕಿತ್ಸಾ ಕೊಠಡಿಗಳಲ್ಲಿ ಕ್ಯಾಮೆರಾ ಕಡ್ಡಾಯಗೊಳಿಸುವ ಕಾನೂನು 2021ರಲ್ಲಿ ಅಂಗೀಕಾರವಾಗಿ 2023ರ ಸೆಪ್ಟೆಂಬರಿನಿಂದ ಜಾರಿಗೆ ಬಂದಿದೆ. ನಿಮ್ಮನ್ನು ಪರೀಕ್ಷಿಸಿದ ವೈದ್ಯರೇ ಶಸ್ತ್ರಚಿಕಿತ್ಸೆ ಮಾಡುತ್ತಾರೆಯೇ, ಕೊನೆಯ ಹೊಲಿಗೆಯವರೆಗೆ ಇರುತ್ತಾರೆಯೇ, ರಕ್ತ ಕೊಡಬೇಕಾಗಿ ಬಂದರೆ, ತೀವ್ರ ನಿಗಾ ಘಟಕ ಬೇಕಾಗಿ ಬಂದರೆ ವ್ಯವಸ್ಥೆ ಎಲ್ಲಿದೆ ಎಂದು ಕೇಳಲು ನೀವು ಸಂಕೋಚಪಡಬೇಕಾಗಿಲ್ಲ. ನಮ್ಮ ಸರ್ವೋಚ್ಚ ನ್ಯಾಯಾಲಯವೂ 2008ರ ತೀರ್ಪೊಂದರಲ್ಲಿ, ಚಿಕಿತ್ಸೆಯ ಸ್ವರೂಪ, ಪ್ರಯೋಜನ, ಪರ್ಯಾಯಗಳು ಮತ್ತು ಗಣನೀಯ ಅಪಾಯಗಳನ್ನು ತಿಳಿಸಿ ಪಡೆದದ್ದೇ ನಿಜವಾದ ಸಮ್ಮತಿ ಎಂದು ಸ್ಪಷ್ಟಪಡಿಸಿದೆ.

ಮೂಳೆಯನ್ನು ಕತ್ತರಿಸದೆ ಇಂಪ್ಲಾಂಟ್ ಇಡುವುದು ಇನ್ನೊಂದು ದಾರಿ. ಸಿಲಿಕೋನ್ ತುಂಡನ್ನು ಬಾಯಿಯೊಳಗಿನಿಂದ ಅಥವಾ ಗದ್ದದ ಕೆಳಗಿನ ಸಣ್ಣ ಗಾಯದ ಮೂಲಕ ಮೂಳೆಯ ಮೇಲೆ ಕೂರಿಸುತ್ತಾರೆ. ಸಮಯ ಕಡಿಮೆ, ಬೇಡವಾದರೆ ತೆಗೆಯುವುದು ಸುಲಭ. ಕೊರತೆ ಅಲ್ಪವಾಗಿದ್ದು ಗದ್ದದ ಎತ್ತರ ಸರಿಯಾಗಿರುವವರಿಗೆ ಇದು ಒಪ್ಪಬಹುದಾದ ಆಯ್ಕೆ. ಗಿಡ್ಡ, ಸೊಟ್ಟ ಅಥವಾ ತೀರ ಹಿಂದಿರುವ ಗದ್ದಕ್ಕೆ ಅಲ್ಲ. ಅದು ಸರಿಯಬಹುದು, ಸೋಂಕು ತಗಲಿದರೆ ತೆಗೆಯಲೇಬೇಕಾಗುತ್ತದೆ, ಮತ್ತು ಅದರ ಒತ್ತಡಕ್ಕೆ ಅಡಿಯ ಮೂಳೆ ಸವೆಯುವುದು 1960ರ ದಶಕದಿಂದಲೇ ವೈದ್ಯಲೋಕಕ್ಕೆ ಗೊತ್ತಿದೆ. ಗದ್ದದ ಕೆಳ ಅಂಚಿನ ಗಟ್ಟಿ ಮೂಳೆಯ ಮೇಲಿದ್ದರೆ ಸವೆತ ಅಲ್ಪ. ಮೇಲಕ್ಕೆ ಸರಿದು ಹಲ್ಲಿನ ಬೇರುಗಳ ಮೇಲಿನ ತೆಳುಮೂಳೆಯ ಮೇಲೆ ಕೂತರೆ ಬೇರಿನವರೆಗೂ ಕೊರೆಯಬಹುದು. ರಂಧ್ರಗಳುಳ್ಳ ಪಾಲಿಎಥಿಲೀನ್ ಇಂಪ್ಲಾಂಟಿನೊಳಗೆ ನಮ್ಮ ಅಂಗಾಂಶ ಬೆಳೆಯುವುದರಿಂದ ಅದು ಗಟ್ಟಿಯಾಗಿ ನಿಲ್ಲುತ್ತದೆ, ಅದೇ ಕಾರಣಕ್ಕೆ ತೆಗೆಯಲು ಕಷ್ಟ.

ಗದ್ದ ತುಂಬಿಕೊಂಡಂತೆ ಕಾಣಲೆಂದು ಚುಚ್ಚುವ ಫಿಲ್ಲರ್ ಎಂಬ ಚುಚ್ಚುಮದ್ದಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಯಲುರಾನಿಕ್ ಆಮ್ಲದ ಫಿಲ್ಲರ್ ಕಾಲಕ್ರಮದಲ್ಲಿ ಕರಗುತ್ತದೆ. ಆದರೆ ರಕ್ತನಾಳದೊಳಗೆ ಹೋದರೆ ಆ ನಾಳ ರಕ್ತ ಪೂರೈಸುವ ಜಾಗದ ಚರ್ಮ ಕಪ್ಪಾಗಿ ಸಾಯಬಹುದು. ಅದನ್ನು ಕೂಡಲೇ ಗುರುತಿಸಿ, ಕರಗಿಸುವ ಔಷಧ ಕೊಡಬಲ್ಲ ವೈದ್ಯರಿಲ್ಲದ ಬ್ಯೂಟಿ ಪಾರ್ಲರಿನಲ್ಲಿ ಇದನ್ನು ಮಾಡಿಸಿಕೊಳ್ಳಲೇಬಾರದು.

ಇಷ್ಟು ಹೊತ್ತು ಅಂದದ ಕಾರಣಕ್ಕೆ ಬರುವವರ ಬಗ್ಗೆ ಹೇಳಿದೆ. ನನ್ನ ಮನಸ್ಸಿಗೆ ಹತ್ತಿರವಾದವರು ಬೇರೆ. ಬಾಯಿ ಒಂದು ಬೆರಳಗಲವೂ ತೆರೆಯದ, ಗದ್ದವೇ ಇಲ್ಲವೇನೋ ಎಂಬಂತೆ ಕಾಣುವ, ರಾತ್ರಿ ಗೊರಕೆ ಹೊಡೆಯುತ್ತ ಉಸಿರುಗಟ್ಟಿ ಎದ್ದು ಕೂರುವ ಮಕ್ಕಳನ್ನು ಹಳ್ಳಿಗಳಿಂದ ಕರೆತರುತ್ತಾರೆ. ಗದ್ದವನ್ನು ಮೆಲ್ಲಗೆ ಎತ್ತಿ ನೋಡಿದರೆ, ಎಷ್ಟೋ ಮಕ್ಕಳಲ್ಲಿ ಅದರ ಕೆಳಗೆ ಹಳೆಯ ಹೊಲಿಗೆಯ ಗುರುತು ಇರುತ್ತದೆ. ಎರಡು ಮೂರು ವರ್ಷದ ಮಗುವಾಗಿದ್ದಾಗ ಮೆಟ್ಟಿಲಿನಿಂದಲೋ ಜಗಲಿಯಿಂದಲೋ ಗದ್ದ ಊರಿ ಬಿದ್ದಿದೆ. ಗದ್ದದ ಗಾಯಕ್ಕೆ ಹೊಲಿಗೆ ಬಿದ್ದಿದೆ. ಆದರೆ ಆ ಪೆಟ್ಟು ಮೂಳೆಯುದ್ದಕ್ಕೂ ಸಾಗಿ ಕಿವಿಯ ಮುಂದಿನ ದವಡೆಯ ಕೀಲನ್ನು ಮುರಿದದ್ದನ್ನು ಯಾರೂ ನೋಡಿಲ್ಲ. ಕೀಲಿನೊಳಗೆ ಸೇರಿದ ರಕ್ತ ಕ್ರಮೇಣ ಮೂಳೆಯಾಗಿ ಕೀಲು ಬೆಸೆದುಕೊಳ್ಳುತ್ತದೆ, ಬಾಯಿ ತೆರೆಯುವುದಿಲ್ಲ, ದವಡೆ ಬೆಳೆಯುವುದಿಲ್ಲ, ನಾಲಿಗೆಗೆ ಜಾಗ ಸಾಲದೆ ಅದು ಗಂಟಲಿಗೆ ಒತ್ತುತ್ತದೆ. ಕಿವಿ ಸೋರಿ ಸೋಂಕು ಕೀಲಿಗೆ ಇಳಿದವರಲ್ಲೂ ಹೀಗಾಗುವುದುಂಟು.

ಈ ಮಕ್ಕಳಿಗೆ ಬೆಸೆದ ಕೀಲನ್ನು ಬಿಡಿಸಬೇಕು. ಮೂಳೆಯನ್ನು ಕತ್ತರಿಸಿ ಯಂತ್ರದ ತಿರುಪಿನಿಂದ ದಿನಕ್ಕೆ ಸುಮಾರು 1 ಮಿಲಿಮೀಟರಿನಂತೆ ಎಳೆದು ಹೊಸ ಮೂಳೆ ಬೆಳೆಸುವ ಡಿಸ್ಟ್ರಾಕ್ಷನ್ ವಿಧಾನವನ್ನು 1992ರಲ್ಲಿ ನ್ಯೂಯಾರ್ಕಿನ ಮೆಕಾರ್ಥಿ ತಂಡ ಮಾನವ ಕೆಳದವಡೆಯಲ್ಲಿ ನಡೆಸಿ ವರದಿ ಮಾಡಿದ ಮೇಲೆ, ಇಂಥವರಿಗೆ ದವಡೆಯನ್ನು ಉದ್ದಗೊಳಿಸುವುದು ಸಾಧ್ಯವಾಗಿದೆ. ಗದ್ದದ ಶಸ್ತ್ರಚಿಕಿತ್ಸೆ ಇಲ್ಲಿ ಅಲಂಕಾರವಲ್ಲ. ನಾಲಿಗೆಯನ್ನು ಮುಂದಕ್ಕೆ ಎಳೆಯುವ ಸ್ನಾಯು ಅಂಟಿಕೊಂಡಿರುವುದು ಗದ್ದದ ಮೂಳೆಯ ಒಳಬದಿಗೆ. ಆ ಭಾಗವನ್ನು ಸೇರಿಸಿ ಮೂಳೆಯನ್ನು ಮುಂದೆ ತಂದರೆ ನಾಲಿಗೆಯ ಬುಡವೂ ಮುಂದೆ ಬಂದು ಉಸಿರಿನ ದಾರಿ ಹಿಗ್ಗುತ್ತದೆ. ನಿದ್ದೆಯಲ್ಲಿ ಉಸಿರುಕಟ್ಟುವ ಕೆಲವು ವಯಸ್ಕರಲ್ಲೂ ಇದೇ ತತ್ತ್ವ ಕೆಲಸ ಮಾಡುತ್ತದೆ. ಈ ಸಭೆಯಲ್ಲಿರುವ ತಾಯಂದಿರಿಗೂ ವೈದ್ಯರಿಗೂ ಕೇಳಿಕೊಳ್ಳುವುದು ಇಷ್ಟೇ: ಮಗು ಗದ್ದ ಊರಿ ಬಿದ್ದು ಗಾಯವಾದರೆ, ಹೊಲಿಗೆ ಹಾಕಿಸುವ ದಿನವೇ ಕಿವಿಯ ಮುಂದಿನ ಕೀಲುಗಳನ್ನೂ ಪರೀಕ್ಷಿಸಿ, ಎಕ್ಸ್‌ರೇ ತೆಗೆಸಿ, ಆಮೇಲಿನ ತಿಂಗಳುಗಳಲ್ಲಿ ಬಾಯಿ ತೆರೆಯುವುದು ಕಡಿಮೆಯಾಗುತ್ತಿದೆಯೇ ಎಂದು ಗಮನಿಸುತ್ತಿರಿ.

ಉಪನ್ಯಾಸದ ಬಳಿಕ ಸಭಿಕರಿಂದ ಬಂದ ಎರಡು ಪ್ರಶ್ನೆಗಳಿಗೆ ಕೊಟ್ಟ ಉತ್ತರವನ್ನು ಇಲ್ಲಿ ಸೇರಿಸಿದ್ದೇನೆ.

ಹದಿನಾಲ್ಕು ವರ್ಷದ ಮಗಳು ಗದ್ದದ ಬಗ್ಗೆ ದಿನವಿಡೀ ಚಿಂತಿಸುತ್ತಾಳೆ, ಈಗಲೇ ಮಾಡಿಸಬಹುದೇ ಎಂದು ಒಬ್ಬ ತಾಯಿ ಕೇಳಿದರು. ಅಮ್ಮಾ, ಉಸಿರಾಟದ ತೊಂದರೆಯಂಥ ಕಾರಣವಿಲ್ಲದಿದ್ದರೆ ದವಡೆಯ ಬೆಳವಣಿಗೆ ನಿಲ್ಲುವ ತನಕ ಕಾಯುವುದು ಒಳ್ಳೆಯದು. ಹುಡುಗಿಯರಲ್ಲಿ ಅದು ಹುಡುಗರಿಗಿಂತ ಮುಂಚೆ ಮುಗಿಯುತ್ತದೆ. ಅಷ್ಟರಲ್ಲಿ ಆರ್ಥೊಡಾಂಟಿಸ್ಟ್ ಬಳಿ ತೋರಿಸಿ, ಏಕೆಂದರೆ ಬೆಳೆಯುವ ವಯಸ್ಸಿನಲ್ಲಿ ಹಾಕುವ ಉಪಕರಣಗಳಿಂದ ಕೆಲವರಿಗೆ ಪ್ರಯೋಜನವಾಗುತ್ತದೆ. ದಿನವಿಡೀ ಚಿಂತೆ ಎಂದಿರಲ್ಲ, ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಇತರರಿಗೆ ಕಾಣದ ಕುಂದು ತಮ್ಮ ದೇಹದಲ್ಲಿದೆ ಎಂಬ ಬಿಡದ ಕಾಟ ಒಂದು ಮಾನಸಿಕ ಕಾಯಿಲೆಯ ಲಕ್ಷಣವೂ ಆಗಿರಬಹುದು, ಅದಕ್ಕೆ ಶಸ್ತ್ರಚಿಕಿತ್ಸೆಯಿಂದ ನೆಮ್ಮದಿ ಸಿಗುವುದಿಲ್ಲ. ಮನೋವೈದ್ಯರ ನೆರವು ಬೇಕು.

ಹಾಕಿದ ಪ್ಲೇಟನ್ನು ತೆಗೆಸಬೇಕೇ ಎಂಬುದು ಇನ್ನೊಬ್ಬರ ಪ್ರಶ್ನೆ. ಸಾಮಾನ್ಯವಾಗಿ ಬೇಕಿಲ್ಲ. ಟೈಟೇನಿಯಂ ದೇಹಕ್ಕೆ ಒಗ್ಗುವ ಲೋಹ, ಅಯಸ್ಕಾಂತಕ್ಕೆ ಕಬ್ಬಿಣದಂತೆ ಅಂಟುವುದಿಲ್ಲವಾದ್ದರಿಂದ ಮುಂದೆ ಎಂ.ಆರ್.ಐ. ಮಾಡಿಸಲು ಅಡ್ಡಿಯಾಗುವುದಿಲ್ಲ, ಸ್ಕ್ಯಾನ್‌ಗೆ ಮುಂಚೆ ಅಲ್ಲಿನ ಸಿಬ್ಬಂದಿಗೆ ವಿಷಯ ತಿಳಿಸಿದರೆ ಸಾಕು. ಸ್ಕ್ರೂ ಸಡಿಲವಾದರೆ, ಕೀವು ಕಾಣಿಸಿಕೊಂಡರೆ ಅಥವಾ ಬೆರಳಿಗೆ ತಗಲಿ ನೋಯುತ್ತಿದ್ದರೆ ಮೂಳೆ ಕೂಡಿದ ಮೇಲೆ ತೆಗೆಯುತ್ತಾರೆ.